ಪಥ್ಯದಲ್ಲಿರುವ ನಾಯಿಗೆ ಕಂಡವರು ತಿಂಡಿ ಕೊಡಲು ಬಂದಾಗ: ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರದ ಕಂದವಾರ ಕೆರೆ ಏರಿ ಮೇಲೆ ಬೆಳಿಗ್ಗೆ ಆರೂವರೆಗೆ ನಮ್ಮ ನಾಯಿ ಕೆಂಚಿಯನ್ನು ಹಿಡಿದುಕೊಂಡು ಹೊರಟರೆ ಅರ್ಧ ಗಂಟೆಯೊಳಗೆ ಮೂರು ಜನವಾದರೂ ಅವಳ ಬಾಯಿಗೆ ಏನಾದರೂ ಹಾಕಲು ಕೈ ಚಾಚುತ್ತಾರೆ. ವಾಕಿಂಗ್ ಬರುವ ಒಬ್ಬ ನಿವೃತ್ತ ಮೇಷ್ಟ್ರು ಬೀದಿನಾಯಿಗಳಿಗೆಂದೇ ಜೇಬಿನಲ್ಲಿ ಐದು ರೂಪಾಯಿಯ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡಿರುತ್ತಾರೆ. ಹೂವು ಕೀಳಲು ತೋಟಕ್ಕೆ ಹೋಗುವ ಹೆಂಗಸರು ಬುತ್ತಿ ಬಿಚ್ಚಿ ಒಂದು ತುತ್ತು ಮುರಿಯುತ್ತಾರೆ. ಭಾನುವಾರವಾದರೆ ನಂದಿ ಬೆಟ್ಟ ನೋಡಿ ಇಳಿದ ಬೆಂಗಳೂರಿನ ಹುಡುಗರು ಚಿಪ್ಸ್ ಹಿಡಿದುಕೊಂಡೇ ಅವಳನ್ನು ಮುದ್ದಾಡಲು ಬರುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಮೂಕ ಪ್ರಾಣಿ ಎದುರಿಗೆ ಬಂದರೆ ಒಂದು ತುತ್ತು ಹಾಕುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ಗುಣ.

ಆದರೆ ಕೆಂಚಿಗೆ ಆ ತುತ್ತು ಆಗುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಂದು ಗೃಹಪ್ರವೇಶ ಇತ್ತು. ಊಟ ಮುಗಿದ ಮೇಲೆ ಯಾರೋ ಪ್ರೀತಿಯಿಂದಲೇ ತುಪ್ಪ ಸುರಿದ ಎರಡು ಒಬ್ಬಟ್ಟು, ನಾಲ್ಕು ವಡೆಯನ್ನು ಎಲೆಯ ಸಮೇತ ನಮ್ಮ ಗೇಟಿನ ಸಂದಿಯಿಂದ ಒಳಗೆ ತಳ್ಳಿದ್ದರು. ರಾತ್ರಿ ಹತ್ತರಿಂದ ವಾಂತಿ ಶುರುವಾಯಿತು. ಬೆಳಗಿನ ಜಾವ ಎದ್ದು ನೋಡಿದರೆ ಮುಂಗಾಲು ಎರಡನ್ನೂ ಚಾಚಿ, ಎದೆಯನ್ನು ನೆಲಕ್ಕೆ ಊರಿ, ಹಿಂಭಾಗ ಮಾತ್ರ ಮೇಲೆತ್ತಿ, ದೇವರಿಗೆ ಅಡ್ಡಬಿದ್ದವಳ ಹಾಗೆ ನಿಂತಿದ್ದಳು. ಆಟಕ್ಕೆ ಕರೆಯುವಾಗಲೂ ನಾಯಿ ಹೀಗೇ ಬಾಗುತ್ತದೆ, ಆಗ ಬಾಲ ಅಲ್ಲಾಡುತ್ತಿರುತ್ತದೆ. ಕೆಂಚಿಯ ಬಾಲ ತೊಡೆ ಸಂದಿಯಲ್ಲಿ ಸೇರಿಕೊಂಡಿತ್ತು. ಅದು ಹೊಟ್ಟೆನೋವು ತಡೆಯಲಾಗದ ನಾಯಿ ನಿಲ್ಲುವ ಭಂಗಿ ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರು ಹೇಳಿದ್ದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ನಾಲ್ಕು ದಿನ ಡ್ರಿಪ್ ಹಾಕಿಸಿದೆವು. ಬದುಕಿಕೊಂಡಳು. ಇನ್ನು ಬದುಕಿರುವಷ್ಟು ಕಾಲ ಜಿಡ್ಡು ಕಡಿಮೆ ಇರುವ ಊಟ.

ನಿಮ್ಮ ನಾಯಿಯ ಕಾಯಿಲೆ ಬೇರೆ ಇರಬಹುದು, ರಸ್ತೆಯಲ್ಲಿ ಎದುರಾಗುವ ಕೈಗಳು ಮಾತ್ರ ಇವೇ. ಈ ಎರಡು ವರ್ಷದಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಒಂದು: ಕೊಡಲು ಬಂದ ಕೈಯನ್ನು ಬರಿದೇ ಹಿಂದಕ್ಕೆ ಕಳಿಸಬೇಡಿ, ಆ ಕೈಯಲ್ಲಿ ಸರಿಯಾದ ತಿಂಡಿ ಇಡಿ. ಮುಂದಿನ ಹಂತಗಳೆಲ್ಲ ಇದಕ್ಕೆ ಬೇಕಾದ ತಯಾರಿ.

ಮೊದಲ ಹಂತ: ಡಾಕ್ಟರ ಹತ್ತಿರ ಸರಿಯಾಗಿ ಕೇಳಿಕೊಳ್ಳಿ

"ಹೊರಗಡೆ ತಿಂಡಿ ಕೊಡಬೇಡಿ" ಅನ್ನುವಷ್ಟನ್ನೇ ಕೇಳಿಕೊಂಡು ಎದ್ದು ಬರಬೇಡಿ. ಏನು ಆಗುವುದಿಲ್ಲ, ಯಾಕೆ ಆಗುವುದಿಲ್ಲ, ಎಷ್ಟು ತಿಂದರೆ ತೊಂದರೆ ಅನ್ನುವುದು ನಿಮಗೆ ತಿಳಿದಿದ್ದರೆ ಮಾತ್ರ ಇನ್ನೊಬ್ಬರಿಗೆ ಅರ್ಧ ನಿಮಿಷದಲ್ಲಿ ಹೇಳಬಲ್ಲಿರಿ.

ಪ್ಯಾಂಕ್ರಿಯಾಟೈಟಿಸ್ ಆದ ನಾಯಿಗೆ ಶತ್ರು ಜಿಡ್ಡು. ದಿನಕ್ಕೆ ಸುಮಾರು 1000 ಕ್ಯಾಲೊರಿ ತಿನ್ನುವ, ಇಪ್ಪತ್ತು ಕಿಲೋ ಆಸುಪಾಸಿನ ನಾಯಿಗೆ ಕಡಿಮೆ ಕೊಬ್ಬಿನ ಆಹಾರದಲ್ಲಿ ದಿನವಿಡೀ ಸಿಗುವ ಕೊಬ್ಬು ಹೆಚ್ಚುಕಡಿಮೆ 20 ಗ್ರಾಂ. ಒಂದು ಊಟದ ಚಮಚ ತುಪ್ಪದಲ್ಲೇ 13–14 ಗ್ರಾಂ ಇದೆ. ಒಬ್ಬಟ್ಟಿನ ಮೇಲೆ ಸುರಿಯುವುದು ಒಂದು ಚಮಚಕ್ಕೆ ನಿಲ್ಲುತ್ತದೆಯೇ?

ಆಹಾರದ ಅಲರ್ಜಿ ಇರುವ ನಾಯಿಯ ಕಥೆ ಬೇರೆ. ಅಲ್ಲಿ ಪ್ರಮಾಣ ಲೆಕ್ಕಕ್ಕೇ ಬರುವುದಿಲ್ಲ. ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವು ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುತ್ತವೆ. ಯಾವುದು ಆಗುವುದಿಲ್ಲ ಎಂದು ಪತ್ತೆಹಚ್ಚಲು ಕನಿಷ್ಠ 8 ವಾರ ಒಂದೇ ಬಗೆಯ ಆಹಾರ ಕೊಟ್ಟು ನೋಡುತ್ತಾರೆ. ಆರನೇ ವಾರದಲ್ಲಿ ಯಾರೋ ಒಂದು ಬಿಸ್ಕತ್ತು ತಿನ್ನಿಸಿದರು ಅನ್ನಿ. ಅದರಲ್ಲಿ ಗೋಧಿಯೂ ಇದೆ, ಹಾಲಿನ ಪುಡಿಯೂ ಇದೆ. ಮತ್ತೆ ಕೆರೆತ ಶುರುವಾದರೆ ಅದು ಬಿಸ್ಕತ್ತಿನಿಂದಲೋ ಊಟದಿಂದಲೋ ಹೇಳುವ ಹಾಗಿಲ್ಲ, ಪರೀಕ್ಷೆ ಮೊದಲಿನಿಂದ ಮಾಡಬೇಕಾಗಿ ಬರಬಹುದು. ಕಿವಿ ಸೋರುತ್ತಾ, ಪಾದ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡ ನಾಯಿಯನ್ನು ನೋಡುತ್ತಾ ಇನ್ನೂ ಎರಡು ತಿಂಗಳು ಕಾಯುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಸಕ್ಕರೆ ಕಾಯಿಲೆಯ ನಾಯಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ ಇನ್ಸುಲಿನ್, ಅದಕ್ಕೆ ಹೊಂದಿಸಿದ ಊಟ. ಕಿಡ್ನಿ ಸೋತ ನಾಯಿಗೆ ರಂಜಕ ಮತ್ತು ಉಪ್ಪು ಹಿಡಿತದಲ್ಲಿರಬೇಕು, ಹಾಗಾಗಿ ಹಾಲು, ಮೂಳೆ, ಖಾರದ ಕುರುಕಲು ಎಲ್ಲ ದೂರ. ಮೂತ್ರಕೋಶದ ಕಲ್ಲಿದ್ದರೆ ಯಾವ ಬಗೆಯ ಕಲ್ಲು ಅನ್ನುವುದರ ಮೇಲೆ ಪಥ್ಯ ನಿಲ್ಲುತ್ತದೆ.

ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹೊರಗಡೆ ಬೇರೆಯವರ ಕೈಯಿಂದ ಕೊಡಿಸಬಹುದಾದ ಎರಡು ತಿಂಡಿ ಯಾವುವು? ದಿನಕ್ಕೆ ಎಷ್ಟು ಗ್ರಾಂ? ತಪ್ಪಿ ಬೇರೇನಾದರೂ ತಿಂದರೆ ಎಷ್ಟು ಹೊತ್ತು ಕಾದು ನೋಡಬಹುದು, ರಾತ್ರಿಯಾದರೆ ಯಾರಿಗೆ ಫೋನ್ ಮಾಡಬೇಕು?

ಎರಡನೇ ಹಂತ: 'ಪಥ್ಯ' ಅನ್ನಿ

ಈ ಒಂದು ಪದ ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮೊದಮೊದಲು "ಅಲರ್ಜಿ ಇದೆ" ಅನ್ನುತ್ತಿದ್ದೆ. ಅಲರ್ಜಿ ಅಂದರೆ ಜನಕ್ಕೆ ಸೀನು, ತುರಿಕೆ ನೆನಪಾಗುತ್ತದೆ. "ಒಂದು ಬಿಸ್ಕತ್ತಿಗೆ ಏನಾಗ್ತದೆ ಬಿಡಮ್ಮ" ಅಂದುಬಿಡುತ್ತಾರೆ. ಆಮೇಲೆ "ಡಯಟ್‌ನಲ್ಲಿದಾಳೆ" ಅಂದು ನೋಡಿದೆ. ಅದು ಇನ್ನೂ ಕೆಟ್ಟಿತು. "ದಪ್ಪ ಏನೂ ಇಲ್ವಲ್ಲ, ಯಾಕೆ ಪಾಪ ಉಪವಾಸ ಕೆಡವಿದೀಯ" ಅಂತ ನನಗೇ ಬುದ್ಧಿ ಹೇಳಿ ಕೈಲಿದ್ದದ್ದನ್ನು ತಿನ್ನಿಸಿಯೇ ಹೋಗುತ್ತಿದ್ದರು.

ಒಂದು ದಿನ ಏರಿ ಮೇಲೆ ಒಬ್ಬ ತಾತ ಬನ್ನು ಮುರಿಯುತ್ತಾ ಬಂದರು. ನನ್ನ ಬಾಯಿಂದ ತಾನಾಗಿಯೇ ಬಂತು, "ತಾತ, ಇವಳು ಪಥ್ಯದಲ್ಲಿದಾಳೆ."

ತಾತನ ಕೈ ಅಲ್ಲೇ ನಿಂತಿತು. "ಏನಾಗೈತಮ್ಮ?"

"ಹೊಟ್ಟೆ ಕಾಯಿಲೆ. ಎಣ್ಣೆ, ತುಪ್ಪ, ಬೇಕರಿ ತಿಂಡಿ ಯಾವುದೂ ಸೇರಲ್ಲ."

"ಅಯ್ಯೋ, ಹಂಗಾರೆ ಬ್ಯಾಡ ಬ್ಯಾಡ" ಅಂದು ಬನ್ನನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟುಕೊಂಡರು.

ನಮ್ಮಲ್ಲಿ ಪಥ್ಯ ಅಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಬಾಣಂತಿಗೆ ಪಥ್ಯ, ಕಾಮಾಲೆಗೆ ನಾಟಿ ಔಷಧಿ ತಗೊಂಡವರಿಗೆ ಪಥ್ಯ. ಪಥ್ಯ ಮುರಿದರೆ ಔಷಧಿ ಕೆಲಸ ಮಾಡುವುದಿಲ್ಲ ಅನ್ನುವ ನಂಬಿಕೆಯೂ ಆ ಪದದ ಜೊತೆಗೇ ಬರುತ್ತದೆ. ಬಾಗೇಪಲ್ಲಿ, ಗೌರಿಬಿದನೂರು ಕಡೆಯ ತೆಲುಗು ಮನೆಮಾತಿನವರಿಗೆ "ಪಥ್ಯಂಲೋ ಉಂದಿ" ಅಂದರೆ ಸಾಕು. ಉರ್ದು ಮಾತಾಡುವವರಿಗೆ "ಪರ್ಹೇಜ್ ಹೈ" ಅನ್ನಿ, ಅದೂ ಇದೇ ತೂಕದ ಮಾತು. ಬೆಂಗಳೂರಿನಿಂದ ಬಂದ ಹುಡುಗರಿಗೆ ಕಾಯಿಲೆಯ ಹೆಸರನ್ನೇ ಹೇಳುವುದು ಒಳ್ಳೆಯದು.

ಹೇಳುವ ಕ್ರಮವೂ ಮುಖ್ಯ. ಮೊದಲು ಪಥ್ಯ, ಆಮೇಲೆ ಕಾಯಿಲೆ, ಕೊನೆಗೆ ಸೇರದ ಪದಾರ್ಥ. ಮೂರು ಸಣ್ಣ ವಾಕ್ಯ ಸಾಕು. "ಬೇಡ" ಎಂದು ಶುರು ಮಾಡಿದರೆ ಕೊಡಲು ಬಂದವರ ಮುಖ ಸಪ್ಪೆಯಾಗುತ್ತದೆ. ತಮ್ಮ ಕೈ ಗಲೀಜೆಂದೋ ತಾವು ಬಡವರೆಂದೋ ತಿರಸ್ಕರಿಸಿದರು ಅಂದುಕೊಳ್ಳುವವರೂ ಇದ್ದಾರೆ. ಹೂವಿನ ತೋಟಕ್ಕೆ ಹೋಗುವ ಒಬ್ಬ ಅಕ್ಕನ ಕಣ್ಣಲ್ಲಿ ನಾನು ಅದನ್ನು ಕಂಡಿದ್ದೇನೆ. ಆವತ್ತು ಇಡೀ ದಿನ ನನಗೆ ಸಮಾಧಾನ ಇರಲಿಲ್ಲ.

ಮೂರನೇ ಹಂತ: ಒಂದು ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ

ಮಾತಿನಿಂದ ಕೈ ನಿಲ್ಲುತ್ತದೆ, ಕೊಡಬೇಕೆನ್ನುವ ಆಸೆ ಹಾಗೇ ಉಳಿಯುತ್ತದೆ. ಅದಕ್ಕೇ ಡಬ್ಬಿ. "ಬಿಸ್ಕತ್ತು ಬೇಡ ತಾತ, ಇದನ್ನ ನೀವೇ ನಿಮ್ಮ ಕೈಯಾರೆ ಕೊಡಿ" ಅಂದು ಅವರ ಅಂಗೈ ಮೇಲೆ ಒಂದು ಚೂರು ಇಡಿ. ಅವರಿಗೆ ಬೇಕಾಗಿದ್ದದ್ದು ನಾಯಿಯ ಒದ್ದೆ ಮೂಗು ಅಂಗೈಗೆ ತಗುಲುವ ಆ ಒಂದು ಗಳಿಗೆ. ಅದು ಸಿಕ್ಕಿತು. ಕೊಡುವಾಗ ಬೆರಳು ಮಡಚದೆ ಅಂಗೈ ಚಪ್ಪಟೆ ಹಿಡಿಯಲು ಹೇಳಿ, ಹಲ್ಲು ತಾಕುವುದಿಲ್ಲ.

ಕೆಂಚಿಯ ಡಬ್ಬಿಯಲ್ಲಿರುವುದು ಸಿಹಿಗುಂಬಳ. ಸಿಪ್ಪೆ, ಬೀಜ ತೆಗೆದು ಅವರೆಕಾಳಿನ ಗಾತ್ರಕ್ಕೆ ಹೆಚ್ಚಿ ಇಡ್ಲಿ ತಟ್ಟೆಯಲ್ಲಿ ಆರೇಳು ನಿಮಿಷ ಹಬೆಯಲ್ಲಿ ಬೇಯಿಸುತ್ತೇನೆ. ಉಪ್ಪು ಹಾಕುವುದಿಲ್ಲ, ಒಗ್ಗರಣೆ ಇಲ್ಲ. ತೀರಾ ಮೆತ್ತಗಾಗಬಾರದು, ಬೆರಳಲ್ಲಿ ಹಿಡಿದರೆ ಆಕಾರ ನಿಲ್ಲಬೇಕು. ಬಟ್ಟೆಯ ಮೇಲೆ ಹರಡಿ ನೀರು ಆರಿಸಿ ಡಬ್ಬಿಗೆ ತುಂಬಬೇಕು, ಇಲ್ಲದಿದ್ದರೆ ಕೊಡುವವರ ಕೈಗೆ ಅಂಟುತ್ತದೆ. ಬೇಸಿಗೆಯಲ್ಲಿ ಬೇಗ ಹಳಸುತ್ತದೆ, ಹಾಗಾಗಿ ಆ ದಿನದ್ದು ಆ ದಿನ. ಪುರುಸೊತ್ತಿಲ್ಲದ ದಿನ ಹಸಿ ಕ್ಯಾರೆಟ್ ಅಥವಾ ಸೌತೆಕಾಯಿ ಹೆಚ್ಚಿಕೊಂಡು ಹೊರಡುತ್ತೇನೆ.

ಲೆಕ್ಕ ಮರೆಯಬಾರದು. ತಿಂಡಿ ಅನ್ನುವುದು ದಿನದ ಒಟ್ಟು ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು ಎಂದು ಪಶುವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. 1000 ಕ್ಯಾಲೊರಿಯ ನಾಯಿಗೆ ಅದು 100. ಒಂದು ಗ್ಲೂಕೋಸ್ ಬಿಸ್ಕತ್ತಿಗೇ ಇಪ್ಪತ್ತರ ಮೇಲೆ ಆಗುತ್ತದೆ, ನಾಲ್ಕೈದು ಜನ ಒಂದೊಂದು ಕೊಟ್ಟರೆ ಮುಗಿಯಿತು. ನೂರು ಗ್ರಾಂ ಕುಂಬಳಕಾಯಿಯಲ್ಲಿ ಸುಮಾರು 26, ಕ್ಯಾರೆಟ್‌ನಲ್ಲಿ ಸುಮಾರು 40. ಒಂದು ಹಿಡಿ ಚೂರುಗಳನ್ನು ಹದಿನೈದು ಜನರ ಕೈಯಿಂದ ತಿನ್ನಿಸಿದರೂ ಭಯವಿಲ್ಲ.

ಅಲರ್ಜಿ ಪರೀಕ್ಷೆಯಲ್ಲಿರುವ ನಾಯಿಗೆ ಮಾತ್ರ ಕುಂಬಳಕಾಯಿಯೂ ಬೇಡ. ಡಾಕ್ಟರು ಬರೆದುಕೊಟ್ಟ ಆ ಒಂದೇ ಆಹಾರದ ಕಾಳುಗಳನ್ನು ಬೆಳಗಿನ ಊಟದಿಂದಲೇ ತೆಗೆದು ಡಬ್ಬಿಗೆ ಹಾಕಿ. ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ಚೂರು, ಯಾವ ಹೊತ್ತಿನಲ್ಲಿ ಅನ್ನುವುದನ್ನು ಕೇಳಿಕೊಂಡೇ ಮುಂದುವರಿಯಿರಿ.

ನಾಲ್ಕನೇ ಹಂತ: ನಾಯಿಗೆ 'ಬಿಡು' ಕಲಿಸಿ

ಕೆಂಚಿ ಲ್ಯಾಬ್ರಡಾರ್ ಬೆರಕೆ. ಈ ತಳಿಯ ಹೊಟ್ಟೆಬಾಕತನಕ್ಕೆ ಕಾರಣವೂ ಇದೆ: ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲೊಂದರ ವಂಶವಾಹಿಯಲ್ಲಿ ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಸರಿಯಾಗಿ ಮುಟ್ಟದಂಥ ಒಂದು ಬದಲಾವಣೆ ಇದೆಯೆಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗೆ ಬೈದು ಪ್ರಯೋಜನವಿಲ್ಲ. ಕಲಿಸಬೇಕು, ನಿಧಾನವಾಗಿ.

ಮೊದಲ ವಾರ ಮನೆಯೊಳಗೆ. ಮುಷ್ಟಿಯಲ್ಲಿ ಒಂದು ಚೂರು ಮುಚ್ಚಿಟ್ಟು ಮೂಗಿನ ಮುಂದೆ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಕಾಲಿನಲ್ಲಿ ಕೆರೆಯುತ್ತದೆ. ಸುಮ್ಮನಿರಿ. ಬೇಸತ್ತು ಒಂದು ಕ್ಷಣ ಮುಖ ಹಿಂದಕ್ಕೆ ತೆಗೆದ ತಕ್ಷಣ "ಶಭಾಷ್" ಅಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಮುಷ್ಟಿಯಲ್ಲಿದ್ದದ್ದನ್ನು ಯಾವ ಕಾರಣಕ್ಕೂ ಕೊಡಬಾರದು. ಬಿಟ್ಟದ್ದು ಸಿಗುವುದಿಲ್ಲ, ಬಿಟ್ಟರೆ ಅಮ್ಮನ ಕೈಯಿಂದ ಬೇರೆ ಸಿಗುತ್ತದೆ ಅನ್ನುವುದು ಅದಕ್ಕೆ ಅರ್ಥವಾಗಬೇಕು. ನಾಲ್ಕೈದು ದಿನದಲ್ಲಿ ಮುಷ್ಟಿ ಕಂಡೊಡನೆ ಹಿಂದೆ ಸರಿಯತೊಡಗುತ್ತದೆ. ಆಗ "ಬಿಡು" ಅನ್ನುವ ಮಾತು ಸೇರಿಸಿ.

ಎರಡನೇ ವಾರ ಚೂರನ್ನು ನೆಲದ ಮೇಲಿಟ್ಟು ಪಾದದಿಂದ ಮುಚ್ಚಿ ಇದನ್ನೇ ಮಾಡಿಸಿ, ಆಮೇಲೆ ಪಾದ ತೆಗೆದು. ಮೂರನೇ ವಾರ ಪಕ್ಕದ ಮನೆಯವರನ್ನೋ ಮೈದುನನನ್ನೋ ಕರೆದು ಅಪರಿಚಿತರ ಹಾಗೆ ಕೈ ಚಾಚಿಸಿ. ಕೈ ಕಂಡ ಕೂಡಲೇ ನಾಯಿ ಕೂತು ನಿಮ್ಮ ಮುಖ ನೋಡಬೇಕು, ಅದೇ ಗುರಿ. ಮನೆಯಲ್ಲಿ ಚೆನ್ನಾಗಿ ಕೇಳಿದ ನಾಯಿ ಬಿ.ಬಿ. ರಸ್ತೆಯಲ್ಲಿ ಬೋಂಡ ಕರಿಯುವ ಗಾಡಿ ಮುಂದೆ ಎಲ್ಲವನ್ನೂ ಮರೆಯುತ್ತದೆ. ಅದಕ್ಕೆ ಬೇಸರ ಬೇಡ. ಗಾಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಶುರು ಮಾಡಿ ದಿನಕ್ಕೆ ಒಂದೆರಡು ಹೆಜ್ಜೆ ಹತ್ತಿರ ಬನ್ನಿ.

ಐದನೇ ಹಂತ: ರಸ್ತೆಯಲ್ಲಿ ನಿಲ್ಲುವ ರೀತಿ

ನಾಯಿಯನ್ನು ಯಾವಾಗಲೂ ರಸ್ತೆಯ ಅಂಚಿಗೆ ಬಿಟ್ಟು, ಜನ ಬರುವ ಕಡೆ ನೀವು ನಡೆಯಿರಿ. ಯಾರಾದರೂ ಜೇಬಿಗೆ ಕೈ ಹಾಕುವುದು ಕಂಡರೆ ಚೈನನ್ನು ಎರಡು ಸುತ್ತು ಕೈಗೆ ಸುತ್ತಿ ನಾಯಿಗೂ ಅವರಿಗೂ ನಡುವೆ ನಿಲ್ಲಿ, ಆಮೇಲೆ ಮಾತಾಡಿ. ಮಾತು ಮೊದಲಾದರೆ ಸೋತಿರಿ, ನಾಯಿಯ ನಾಲಗೆ ನಮ್ಮ ನಾಲಗೆಗಿಂತ ಚುರುಕು. ಉದ್ದ ಬಿಟ್ಟು ಎಳೆದುಕೊಳ್ಳುವ ಚೈನು ಈ ನಾಯಿಗಳಿಗೆ ಬೇಡವೇ ಬೇಡ.

ನೆಲದಲ್ಲಿ ಬಿದ್ದದ್ದನ್ನೆಲ್ಲ ಬಾಚಿಕೊಳ್ಳುವ ನಾಯಿಯಾದರೆ ಮೂತಿಗೆ ಬುಟ್ಟಿ ಹಾಕುವುದು ಪಾಪವಲ್ಲ. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರಲ್ಲ, ಹಾಗೇ. ಬುಟ್ಟಿಯಂಥದ್ದನ್ನೇ ತಗೊಳ್ಳಿ, ಅದರೊಳಗೆ ನಾಯಿ ಬಾಯಿ ಅಗಲಿಸಿ ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ನಡಿಗೆಗೆ ಅಪಾಯ, ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಪ್ರಾಣಕ್ಕೇ ಕುತ್ತು. ಮೊದಲ ದಿನವೇ ಕಟ್ಟಿಬಿಡಬೇಡಿ. ಬುಟ್ಟಿಯೊಳಗೆ ಚೂರು ಇಟ್ಟು ತಾನಾಗಿ ಮೂತಿ ತೂರಿಸಲು ಬಿಡಿ, ಒಂದು ವಾರ ಹಾಗೇ ಆಡಿಸಿ, ಆಮೇಲೆ ಪಟ್ಟಿ ಹಾಕಿ. ಬುಟ್ಟಿ ಕಂಡರೆ ಜನ ಕಚ್ಚುವ ನಾಯಿ ಅಂದುಕೊಂಡು ದೂರ ಸರಿಯುತ್ತಾರೆ. ಬೇಜಾರಾಗುತ್ತದೆ, ಆದರೂ ಸಹಿಸಿಕೊಳ್ಳಿ.

ಆರನೇ ಹಂತ: ಬೀದಿಯವರು, ಗೇಟು, ಮಕ್ಕಳು

ನನ್ನ ಅನುಭವದಲ್ಲಿ ದಾರಿಹೋಕರಿಗಿಂತ ಹೆಚ್ಚು ಕಷ್ಟ ಅರ್ಧ ಪರಿಚಯದವರಿಂದ. ಹಾಲು ಹಾಕುವವರು, ಪೇಪರ್ ಹುಡುಗ, ಕಸದ ಗಾಡಿಯವರು, ಕೋಳಿ ಅಂಗಡಿಯವರು. ಇವರು ನಾವಿಲ್ಲದ ಹೊತ್ತಿನಲ್ಲಿ ಕೊಡುತ್ತಾರೆ, ನಾಯಿಗೂ ಇವರ ಹೊತ್ತು ಗೊತ್ತಿರುತ್ತದೆ. ಇವರನ್ನು ಒಬ್ಬೊಬ್ಬರನ್ನಾಗಿ, ಸಮಾಧಾನದ ಹೊತ್ತಿನಲ್ಲಿ, ನಾಯಿ ಜೊತೆಗಿಲ್ಲದಾಗ ಮಾತಾಡಿಸಿ. ಮೊಬೈಲಿನಲ್ಲಿ ಡ್ರಿಪ್ ಹಾಕಿಸಿಕೊಂಡ ಫೋಟೋ ಇದ್ದರೆ ತೋರಿಸಿ. ಕೆಂಚಿಯ ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದ ಫೋಟೋ ನೋಡಿದ ಮೇಲೆ ಹಾಲಿನವರು ಒಂದು ದಿನವೂ ಅವಳ ಬಟ್ಟಲಿಗೆ ಹಾಲು ಸುರಿದಿಲ್ಲ. ಡಬ್ಬಿಯಿಂದ ನಾಲ್ಕು ಚೂರು ಕೊಟ್ಟು ಹೋಗುತ್ತಾರೆ. ಆ ಡಬ್ಬಿ ಗೇಟಿನ ಒಳಗೋಡೆಯ ಮೇಲೆ ಅವರಿಗಾಗಿಯೇ ಇದೆ.

ಗೇಟಿಗೆ ಬೋರ್ಡು ಹಾಕಿ. 'ನಾಯಿ ಇದೆ ಎಚ್ಚರಿಕೆ' ಅನ್ನುವುದು ಇದಕ್ಕೆ ಉಪಯೋಗವಿಲ್ಲ. ನಮ್ಮದರಲ್ಲಿ ದಪ್ಪಕ್ಷರದಲ್ಲಿ ಹೀಗಿದೆ: "ನಮ್ಮ ಕೆಂಚಿಗೆ ಕಾಯಿಲೆ, ಪಥ್ಯದಲ್ಲಿದ್ದಾಳೆ. ದಯವಿಟ್ಟು ಏನೂ ಹಾಕಬೇಡಿ." ಹೆಸರು ಬರೆದದ್ದರಿಂದ ಓದುವವರಿಗೆ ಅವಳು ಮನೆಯ ಮಗಳೆಂದು ತಿಳಿಯುತ್ತದೆ. ಅಷ್ಟಕ್ಕೇ ಬಿಡದೆ ಗೇಟಿನ ಕೆಳಭಾಗಕ್ಕೆ ಮೂರು ಅಡಿ ಎತ್ತರಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟಿಸಿ. ಎಲೆ ತಳ್ಳುವ ಸಂದಿಯೇ ಇರಬಾರದು. ಹತ್ತಿರದಲ್ಲಿ ಮದುವೆ, ತಿಥಿ, ನಾಮಕರಣ ಇದ್ದರೆ ಆ ಮಧ್ಯಾಹ್ನ ನಾಯಿಯನ್ನು ಒಳಗೇ ಇಟ್ಟುಕೊಳ್ಳಿ.

ಮಕ್ಕಳನ್ನು ದೂರ ಓಡಿಸಬೇಡಿ, ಅವರಿಗೆ ಕೆಲಸ ಕೊಡಿ. ನಮ್ಮ ಬೀದಿಯ ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ "ಕೆಂಚಿಗೆ ಯಾರೂ ಏನೂ ಕೊಡದ ಹಾಗೆ ನೋಡ್ಕೋತೀಯಾ ಪುಟ್ಟಿ?" ಅಂದಿದ್ದೆ. ಈಗ ದೊಡ್ಡವರು ಕೈ ಚಾಚಿದರೆ ಅವಳೇ ಮುಂದೆ ಬಂದು ತಡೆಯುತ್ತಾಳೆ. ಮಕ್ಕಳ ಮಾತಿಗೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಹರಕೆ ಹೊತ್ತು, ಕಾಲಭೈರವನ ವಾಹನವೆಂದು ಕೈ ಮುಗಿದು ಕೊಡಲು ಬರುವವರೂ ಇದ್ದಾರೆ. ಅವರ ಜೊತೆ ವಾದ ಬೇಡ. "ನಿಮ್ಮ ಹರಕೆ ವ್ಯರ್ಥ ಆಗಬಾರದು, ಇವಳು ತಿಂದರೆ ವಾಂತಿ ಮಾಡ್ಕೋತಾಳೆ. ಮುಂದೆ ಮೂಲೆಯಲ್ಲಿ ಎರಡು ನಾಯಿ ಹಸಿದಿವೆ, ಅವಕ್ಕೆ ಹಾಕಿ" ಅನ್ನಿ. ಇದು ನಿಜವೂ ಹೌದು, ಆ ನಾಯಿಗಳಿಗೂ ಹೊಟ್ಟೆ ತುಂಬುತ್ತದೆ.

ಏಳನೇ ಹಂತ: ಪ್ರಸಾದ, ಜಾತ್ರೆ, ದ್ರಾಕ್ಷಿ

ದೇವಸ್ಥಾನದ ಹತ್ತಿರ ಕೊಡುವುದನ್ನು ನಿರಾಕರಿಸುವುದು ಎಲ್ಲಕ್ಕಿಂತ ಕಷ್ಟ. ನಾನು ಮಾಡುವುದು ಇಷ್ಟು: ನಾಯಿಗೆಂದು ಚಾಚಿದ ಪ್ರಸಾದವನ್ನು ನನ್ನ ಬಲಗೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡು ನಾನೇ ತಿನ್ನುತ್ತೇನೆ. ಅವರಿಗೂ ತೃಪ್ತಿ, ದೇವರಿಗೂ ಅಪಚಾರವಿಲ್ಲ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರಿನಂಥ ಜನಜಂಗುಳಿಗೆ ಮಾತ್ರ ಪಥ್ಯದ ನಾಯಿಯನ್ನು ಕರೆದೊಯ್ಯಲೇಬೇಡಿ.

ಪ್ರಸಾದದ ವಿಷಯದಲ್ಲಿ ಪಥ್ಯವಿಲ್ಲದ ನಾಯಿ ಸಾಕಿದವರೂ ತಿಳಿದಿರಬೇಕಾದ ಮಾತೊಂದಿದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನು ಕೆಡಿಸಬಲ್ಲವು. ಕೆಲವು ನಾಯಿಗಳಿಗೆ ಏನೂ ಆಗದಿರಬಹುದು, ಕೆಲವಕ್ಕೆ ಸ್ವಲ್ಪವೇ ಸಾಕು, ಯಾವ ನಾಯಿಗೆ ಎಂದು ಮೊದಲೇ ಹೇಳಲಾಗದು. ಇದರ ಹಿಂದೆ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇರಬಹುದೆಂದು ಅಮೆರಿಕದ ಪ್ರಾಣಿ ವಿಷ ಚಿಕಿತ್ಸೆಯ ಪಶುವೈದ್ಯರು 2021ರಲ್ಲಿ ಮುಂದಿಟ್ಟರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ, ಹುಣಸೆ ತಿಂದ ನಾಯಿಗಳ ಕಿಡ್ನಿ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಈಗ ನಮ್ಮ ಪ್ರಸಾದ ನೆನಪಿಸಿಕೊಳ್ಳಿ: ಕೇಸರಿಭಾತಿನಲ್ಲಿ, ಸಿಹಿ ಪೊಂಗಲಿನಲ್ಲಿ ಒಣದ್ರಾಕ್ಷಿ, ಪುಳಿಯೋಗರೆಯಲ್ಲಿ ಹುಣಸೆ.

ನಮ್ಮದು ದ್ರಾಕ್ಷಿಯ ಜಿಲ್ಲೆ ಬೇರೆ. ಬೆಂಗಳೂರು ಬ್ಲೂ, ದಿಲ್‌ಖುಷ್ ಎರಡೂ ಇಲ್ಲಿನ ಚಪ್ಪರದಲ್ಲಿ ತೂಗುತ್ತವೆ. ಹಣ್ಣಿನ ಕಾಲದಲ್ಲಿ ರಸ್ತೆ ಬದಿಯ ಬುಟ್ಟಿಯವರು ರುಚಿಗೆಂದು ನಮಗೆ ನಾಲ್ಕು ಕೊಟ್ಟು, ನಾಯಿಗೂ ಒಂದು ಎಸೆಯುತ್ತಾರೆ. ತೋಟದ ಬದಿಯಲ್ಲಿ ಉದುರಿದ್ದು ರಾಶಿ ಬಿದ್ದಿರುತ್ತದೆ. ದ್ರಾಕ್ಷಿ ಕಾಲದಲ್ಲಿ ನಡಿಗೆಯ ದಾರಿಯನ್ನೇ ಬದಲಿಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಬೋಂಡ ಪಕೋಡ, ಚಾಕಲೇಟು, ಬೇಯಿಸಿದ ಕೋಳಿ ಮೂಳೆ, ಸಕ್ಕರೆಯ ಬದಲು ಕ್ಸೈಲಿಟಾಲ್ ಅನ್ನುವ ಸಿಹಿ ಪದಾರ್ಥ ಹಾಕಿದ ಚೂಯಿಂಗ್ ಗಮ್ ಇವೂ ಯಾವ ನಾಯಿಗೂ ಬೇಡ.

ಎಂಟನೇ ಹಂತ: ಎಷ್ಟು ಜಾಗ್ರತೆ ಮಾಡಿದರೂ ತಿಂದುಬಿಟ್ಟರೆ

ಕೊಟ್ಟವರನ್ನು ಬೈಯಲು ನಿಲ್ಲಬೇಡಿ, ನಿಮಗೆ ಈಗ ಅವರಿಂದ ಮಾಹಿತಿ ಬೇಕು. ಏನು ಕೊಟ್ಟಿರಿ, ಎಷ್ಟು, ಯಾವಾಗ. ಬೈದರೆ "ಏನೂ ಕೊಟ್ಟಿಲ್ಲಪ್ಪ" ಅಂದುಬಿಡುತ್ತಾರೆ. ಪೊಟ್ಟಣವಿದ್ದರೆ ಹಿಂಬದಿಯ ಫೋಟೋ ತೆಗೆದುಕೊಂಡು ಡಾಕ್ಟರಿಗೆ ಕಳಿಸಿ.

ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ನಮ್ಮ ಕಡೆ ವಿಷಕ್ಕೆ ಉಪ್ಪುನೀರು, ಹುಣಸೆನೀರು ಕುಡಿಸುವ ರೂಢಿ ಇದೆ. ಉಪ್ಪು ನಾಯಿಯ ರಕ್ತದಲ್ಲಿ ಸೋಡಿಯಂ ಏರಿಸಿ ಅದೇ ಪ್ರಾಣಕ್ಕೆ ಎರವಾಗಬಹುದು, ಹುಣಸೆಯ ವಿಷಯ ಮೇಲೆ ಹೇಳಿದೆ. ದ್ರಾಕ್ಷಿ, ಚಾಕಲೇಟಿನಂಥದ್ದು ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ತಕ್ಷಣ ಹೊರಡಿ. ಮೊದಲ ಒಂದೆರಡು ಗಂಟೆಯೊಳಗೆ ತಲುಪಿದರೆ ಡಾಕ್ಟರು ಸುರಕ್ಷಿತವಾಗಿ ವಾಂತಿ ಮಾಡಿಸಬಲ್ಲರು. ಸಕ್ಕರೆ ಕಾಯಿಲೆಯ ನಾಯಿಯಾದರೆ ಮುಂದಿನ ಇನ್ಸುಲಿನ್ ಬಗ್ಗೆ ನೀವೇ ತೀರ್ಮಾನಿಸದೆ ಫೋನ್ ಮಾಡಿ ಕೇಳಿ.

ಪ್ಯಾಂಕ್ರಿಯಾಟೈಟಿಸ್ ಇರುವ ನಾಯಿ ಜಿಡ್ಡು ತಿಂದರೆ ಮುಂದಿನ ಎರಡು ಮೂರು ದಿನ ಕಣ್ಣಿಟ್ಟಿರಬೇಕು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಹೊಟ್ಟೆ ಮುಟ್ಟಿದರೆ ಬಿಗಿಯುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ನಾನು ಮೊದಲು ಹೇಳಿದ ಆ ಅಡ್ಡಬಿದ್ದ ಭಂಗಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮ ಡಾಕ್ಟರ ನಂಬರು, ಅವರು ಸಿಗದಿದ್ದರೆ ಇನ್ನೊಬ್ಬರದು, ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇವಿಷ್ಟನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿಡಿ. ಚಿಕ್ಕಬಳ್ಳಾಪುರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಯಾವ ಕಾರು, ಯಾರು ಓಡಿಸುತ್ತಾರೆ ಅನ್ನುವುದನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿರಿ.

ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ತಿಂದದ್ದು, ಆಮೇಲೆ ಏನಾಯಿತು, ಒಂದೊಂದು ಸಾಲು. ಡಾಕ್ಟರು ಮೊದಲು ಕೇಳುವುದೇ ಅದನ್ನು, ಗಾಬರಿಯಲ್ಲಿ ನಮಗೆ ನೆನಪಾಗುವುದಿಲ್ಲ. ಯಾರು ಕೊಟ್ಟರು ಎಂದು ನಾನು ಬರೆಯುವುದಿಲ್ಲ, ಅದರಿಂದ ನಾಯಿಗೆ ಪ್ರಯೋಜನವಿಲ್ಲ. ಕಳೆದ ಶಿವರಾತ್ರಿಯಿಂದ ಈಚೆಗೆ ಕೆಂಚಿಯ ಪುಸ್ತಕದಲ್ಲಿರುವುದು ಒಂದೇ ಸಾಲು: ಸಂಜೆ ಐದೂಕಾಲು, ಕಡ್ಲೆಪುರಿ, ಎಂಟು ಹತ್ತು ಕಾಳು, ಏನೂ ಆಗಲಿಲ್ಲ.